ಪೇಷಂಟಿನ ಪರೀಕ್ಷಾ

ದುರ್ಗದಬೈಲ್‌ನ್ಯಾಗ ಗಿರಮಿಟ್ ಹೇಳಿ ನಿಂತಿದ್ವಿ. ಗುಂಡ್ಯಾ ಮೊಬೈಲ್ ನೋಡ್ಕೋತ, "ಕೇಳ್ರಪಾ, ಪೇಷಂಟೇ ಥೆರಪಿಸ್ಟಿಗೆ, ಅಂದ್ರ ಮಾತಾಡಿಸಿ ಮನಸ ನೆಟ್ಟಗ ಮಾಡೂ ಡಾಕ್ಟರಿಗೆ, ದಾರಿ ತೋರಸ್ತಾನಂತ, ಅದನ್ನ ಅಳೀತಾರಂತ" ಅಂದ.

"ಅದರಾಗೇನ ಹೊಸಾದು? ನಮ್ಮವ್ವ ಡಾಕ್ಟರ್ ಬಾಯಿ ತಗಿಯೂದ್ರಾಗ 'ಸೂಜಿ ಬ್ಯಾಡ್ರಿ, ಕೆಂಪ ಗುಳಗಿ ಕೊಡ್ರಿ' ಅಂತಾಳ" ಅಂದೆ ನಾ.

"ಹಂಗಲ್ಲೋ" ಅಂದ್ರು ಮಾಸ್ತರು. "ಸ್ಯಾನ್ ಫ್ರಾನ್ಸಿಸ್ಕೋದಾಗ ಜೋಸೆಫ್ ವೈಸ್ ಅಂತ ಒಬ್ಬ ಮನಸಿನ ಡಾಕ್ಟರ್, ಹೆರಾಲ್ಡ್ ಸ್ಯಾಂಪ್ಸನ್ ಜೋಡಿ 1972ರಾಗ ಸಂಶೋಧನಾ ಗುಂಪ ಕಟ್ಟಿದ. ಅವರ ಲೆಕ್ಕದಾಗ, 'ನಾ ಯಾರಿಗೂ ಬ್ಯಾಡಾದಾಂವ' ಅನ್ನೂವಂಥಾ ನಂಬಿಕಿ ಮನಸಿನ್ಯಾಗ ಕುಂತಿರತಾವಲ್ಲ, ಅದು ಸುಳ್ಳಾಗಲಿ ಅಂತ ಪೇಷಂಟ್ ಒಳಗೊಳಗ ಪ್ಲ್ಯಾನ್ ಹಾಕ್ಕೊಂಡೇ ಬಂದಿರತಾನ, ಅಂವಗೂ ಗೊತ್ತಿರೂದಿಲ್ಲ. ಸುಳಿವು ಕೊಡ್ತಾನ, ಪರೀಕ್ಷಾ ಇಡ್ತಾನ. 'ಮುಂದಿನ ವಾರದಿಂದ ಬರಂಗಿಲ್ರಿ' ಅಂತಾನ, ಬಿಟ್ಟ ಕಳಸ್ತಾರೋ ಇಲ್ಲಾ ಕುಂಡ್ರಿಸ್ಕೊಂಡು ಯಾಕಂತ ಕೇಳ್ತಾರೋ ನೋಡ್ತಾನ."

"ಅಳಿಯೂದ ಹೆಂಗ್ರಿ, ಫೂಟಪಟ್ಟಿ ಹಚ್ಚೇನು?"

"ಮಾತೆಲ್ಲಾ ರೆಕಾರ್ಡ್ ಮಾಡಿ, ಬರದಿಳಿಸಿ, ಸಂಬಂಧ ಇಲ್ಲದ ಇಬ್ಬರು ಮೂವರಿಗೆ ಓದಾಕ ಕೊಡ್ತಾರ. ಅವರು ಬ್ಯಾರೆಬ್ಯಾರೆ ಕುಂತು, ಪೇಷಂಟ್ ಎಷ್ಟ ದಾರಿ ತೋರಿಸ್ಯಾನಂತ ಮಾರ್ಕ್ಸ್ ಹಾಕ್ತಾರ. ಹಿಂಗ ಇಬ್ಬರ ಮಾರ್ಕ್ಸ್ ತಾಳೆ ಆಗ್ತಾವೋ ಇಲ್ಲೋ ನೋಡಾಕ ಜೇಕಬ್ ಕೋಹೆನ್ 1960ರಾಗ ಕಪ್ಪಾ ಅಂತ ಲೆಕ್ಕಾ ಮಾಡ್ಯಾನ. ಆಕಸ್ಮಾತ್ ಕೂಡಿ ಬಂದದ್ದನ್ನ ಕಳದು, ಖರೇನ ಎಷ್ಟ ಕೂಡೇತಿ ಅನ್ನೂದು."

"ನಮ್ಮ ಮೂವರ ಕಪ್ಪಾ ತಗೀರಿ, ಶೂನ್ಯದ ಕೆಳಗ ಇಳೀತೈತಿ" ಅಂದೆ. ಗುಂಡ್ಯಾ ಇಲ್ಲಾ ಅಂದ, ಮಾಸ್ತರು ಹೌದು ಅಂದ್ರು, ಅಲ್ಲಿಗೆ ಇಳೀತು.

ನನಗ ಸಿಟ್ಟ ಬರೂದು ಈ ಮಾರ್ಕ್ಸಿಗೇರಿ. ಆಟೋ ಇಳದ್ರ ಸ್ಟಾರ್ ಕೊಡು, ಪಾರ್ಸಲ್ ಬಂದ್ರ ಸ್ಟಾರ್ ಕೊಡು, ಈಗ ಡಾಕ್ಟರ್ ಮುಂದ ಅತ್ತದ್ದಕ್ಕೂ ಹತ್ತಕ್ಕ ಎಷ್ಟು? ಈ ಗಿರಮಿಟ್ ಅಣ್ಣಗ ಹತ್ತ ವರ್ಷದಿಂದ 'ಖಾರ ಕಡಿಮಿ, ಉಳ್ಳಾಗಡ್ಡಿ ಜಾಸ್ತಿ' ಅಂತ ದಾರಿ ತೋರಸಾಕತ್ತೇನಿ, ಅಂವ 'ಹೂಂ ಸರ' ಅಂತಾನ, ಖಾರ ಉಗ್ಗತಾನ. ನನಗ ಎಷ್ಟ ಮಾರ್ಕ್ಸು, ಅಂವಗ ಎಷ್ಟು?

"ಅಂವ ನಿನ್ನ ಪರೀಕ್ಷಾ ಮಾಡಾಕತ್ತಾನ, ಬಿಟ್ಟ ಹೋಗ್ತಾನೇನಂತ" ಅಂದ ಗುಂಡ್ಯಾ. ಎಲ್ಲಾರೂ ನಕ್ಕಿವಿ.

ಆಮ್ಯಾಲೆ ಮಾಸ್ತರು ಒಮ್ಮೆಲೆ, "ಅಲ್ಲೋ, ನಿಮ್ಮಪ್ಪ ಗದಗಿನ್ಯಾಗ ಒಬ್ಬರ ಅದಾರಲ್ಲ, ಹೆಂಗದಾರ?" ಅಂದ್ರು.

"ಆರಾಮ ಅದಾರ್ರಿ. ಫೋನ್ ಮಾಡಿದಾಗೆಲ್ಲಾ 'ನಿನಗ ಕೆಲಸ ಇರತಾವ, ನನ್ನ ನೋಡಾಕ ಬರಬ್ಯಾಡ' ಅಂತಾರ. ಹಂಗಾಗಿ ನಾನೂ..."

ಮಾಸ್ತರು ಏನೂ ಅನಲಿಲ್ಲ. ಗುಂಡ್ಯಾ ಮೊಬೈಲ್ ಕಿಸೆದಾಗ ಹಾಕ್ಕೊಂಡ.

ಅಷ್ಟರಾಗ ಗಿರಮಿಟ್ ಬಂತು. ಖಾರ ಎಂದಿನಂಗ ಜಾಸ್ತಿ. ಕಣ್ಣಾಗ ನೀರ ಬಂದ್ವು, ಯಾಕ ಅಂತ ಯಾರೂ ಕೇಳಲಿಲ್ಲ.