ಸರದಿಯ ಓದನ್ನು ಬಿಡಿಸುವುದು ಹೇಗೆ? ಅನುಭವಸ್ಥರು ತಿಳಿಸಿ

ಪ್ರಶ್ನೆ: ನಮ್ಮಲ್ಲಿನ ಹಿರಿಯ ಶಿಕ್ಷಕಿಯೊಬ್ಬರು ಓದಿನ ಅವಧಿಯಲ್ಲಿ ಮಕ್ಕಳನ್ನು ಸಾಲಾಗಿ ಎಬ್ಬಿಸಿ ಒಬ್ಬೊಬ್ಬರಿಂದ ಒಂದೊಂದು ಪ್ಯಾರಾ ಓದಿಸುತ್ತಾರೆ. ಇದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಅವರಿಗೆ ನೋವಾಗದಂತೆ ಹೇಳುವುದು ಹೇಗೆ?

ಮೊದಲ ಉತ್ತರ: ಮೇಡಂ, ನಮ್ಮ ಶಾಲೆಯಲ್ಲೂ ಹೀಗೆಯೇ ಓದಿಸುವ ಹಿರಿಯ ಶಿಕ್ಷಕಿಯೊಬ್ಬರಿದ್ದಾರೆ. ಮೊದಲು ನಾನು ಎಡವಿದ್ದನ್ನೇ ಹೇಳುತ್ತೇನೆ. ಮಾರ್ಗದರ್ಶನದೊಂದಿಗೆ ಮತ್ತೆ ಮತ್ತೆ ಗಟ್ಟಿಯಾಗಿ ಓದಿಸಿದರೆ ಓದಿನ ಸರಾಗತೆ ಹೆಚ್ಚುತ್ತದೆ ಎಂಬ 2000ದ ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ ವರದಿಯನ್ನು, ಸರದಿಯಲ್ಲಿ ಒಮ್ಮೆ ಓದಿಸಿದರೆ ಸಾಲದು ಎನ್ನಲು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಪ್ರಸ್ತಾಪಿಸಿದಾಗ, ಅವರು ತಿದ್ದುತ್ತಿದ್ದ ನೋಟ್‌ಬುಕ್ಕಿನಿಂದ ತಲೆಯೆತ್ತದೆಯೇ, "ನೀವೂ ಹೀಗೆಯೇ ಓದು ಕಲಿತವರಲ್ಲವೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕೆಲವು ವಾರಗಳ ನಂತರ ಅವರಲ್ಲಿ ಸಹಾಯ ಕೇಳಿದೆ. ನನ್ನ ತರಗತಿಯಲ್ಲಿ ಹಿಂದೆ ಕುಳಿತು ಒಬ್ಬಳೇ ಹುಡುಗಿಯನ್ನು ಗಮನಿಸುವಂತೆ ವಿನಂತಿಸಿ, ಬೇಕೆಂದೇ ಸರದಿಯ ಓದನ್ನು ನಡೆಸಿದೆ. ಆ ಹುಡುಗಿ ತನ್ನ ಮುಂದಿದ್ದವರನ್ನು ಎಣಿಸಿ, ತನಗೆ ಬರುವುದು ಏಳನೆಯ ಪ್ಯಾರಾ ಎಂದು ಲೆಕ್ಕಹಾಕಿ, ಅದರ ಮೇಲೆ ಬೆರಳಿಟ್ಟು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಸರದಿ ಮುಗಿದೊಡನೆ ಕಿಟಕಿಯತ್ತ ತಿರುಗಿದಳು. "ಉಳಿದವರು ಓದಿದ್ದನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲವಲ್ಲ" ಎಂದವರು ಅವರೇ. ನಲವತ್ತು ನಿಮಿಷ, ನಲವತ್ತು ಮಕ್ಕಳು. ತಲೆಗೆ ಒಂದು ನಿಮಿಷವೂ ಪೂರ್ತಿ ಸಿಗುವುದಿಲ್ಲವೆಂಬ ಲೆಕ್ಕವನ್ನೂ ನಾನು ಹೇಳಬೇಕಾಗಲಿಲ್ಲ. ಅವರ ತರಗತಿಯ ಮಾತನ್ನಂತೂ ನಾನು ಎತ್ತಲೇ ಇಲ್ಲ.

ನಂತರ ಇಬ್ಬರೂ ಸೇರಿ ಒಂದು ಪಾಠವನ್ನಷ್ಟೇ ಬೇರೆ ರೀತಿಯಲ್ಲಿ ಮಾಡಿದೆವು: ಶಿಕ್ಷಕರು ಒಮ್ಮೆ ಓದುವುದು, ಎಲ್ಲರೂ ದನಿಗೂಡಿಸುವುದು, ಆಮೇಲೆ ಇಬ್ಬಿಬ್ಬರು ಮಕ್ಕಳು ಒಬ್ಬರಿಗೊಬ್ಬರು ಓದಿ ಹೇಳುವುದು. ಗದ್ದಲವಾಗುತ್ತದೆ, ಯಾರು ತಪ್ಪು ಓದುತ್ತಿದ್ದಾರೆಂದು ತಿಳಿಯುವುದಿಲ್ಲ ಎಂದು ಅವರು ಆಕ್ಷೇಪಿಸಿದರು. ಅದು ನ್ಯಾಯವಾದ ಆಕ್ಷೇಪವೇ. ದಿನಕ್ಕೆ ಐದಾರು ಜೋಡಿಗಳ ಬಳಿ ನಿಂತು ಕೇಳಿ ಗುರುತು ಮಾಡಿಕೊಳ್ಳುವ ಉಪಾಯವನ್ನು ಅವರೇ ಕಂಡುಕೊಂಡರು. ಶುಕ್ರವಾರದ ಸರದಿಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ; ನಾನೂ ಕೇಳಿಲ್ಲ.

ಎರಡನೆಯ ಉತ್ತರ: ಮೇಲಿನ ಮಾತಿಗೆ ಒಂದು ಸೇರ್ಪಡೆ. ಅವರು ಹಾಗೆ ಓದಿಸುವುದೇಕೆಂದು ಮೊದಲು ಕೇಳಿ ತಿಳಿಯಿರಿ. ನನ್ನ ಸಹೋದ್ಯೋಗಿಗೆ ಬೇಕಾಗಿದ್ದುದು ಪ್ರತಿ ಮಗುವಿನ ಓದನ್ನು ಪರೀಕ್ಷಿಸುವುದು. ಅದಕ್ಕೆ ಮಗುವನ್ನು ಮೇಜಿನ ಬಳಿ ಕರೆದು ಓದಿಸಬಹುದೆಂದಾಗ ಒಪ್ಪಿದರು. ತಡವರಿಸುವ ಮಗುವಿಗೆ ಎಲ್ಲರೆದುರು ನಗೆಪಾಟಲಾಗುವುದೂ ತಪ್ಪಿತು. ಮುಖ್ಯೋಪಾಧ್ಯಾಯರಿಂದ ಸುತ್ತೋಲೆ ಹೊರಡಿಸುವ ಯೋಚನೆಯಿದ್ದರೆ ದಯವಿಟ್ಟು ಕೈಬಿಡಿ. ನಮ್ಮಲ್ಲಿ ಹಾಗೆ ಮಾಡಿದಾಗ, ಯಾರಾದರೂ ಬಾಗಿಲ ಬಳಿ ಕಾಣಿಸಿಕೊಂಡಾಗ ಮಾತ್ರ ಜೋಡಿ ಓದು ನಡೆಯುತ್ತಿತ್ತು.