ಮನೆ ಸಿಗುವ ಮೊದಲೇ ಹೋದ ಮರಿಗಳನ್ನು ನೀವು ಹೇಗೆ ನೆನಪಿಟ್ಟುಕೊಳ್ಳುತ್ತೀರಿ?

ಒಂಟಿಕೊಪ್ಪಲಿನವಳು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂಟಿಕೊಪ್ಪಲಿನಲ್ಲಿ ಬಾಡಿಗೆ ಮನೆಯ ಮಹಡಿಯಲ್ಲಿ ಇದ್ದೇನೆ. ಬೀದಿಯಲ್ಲಿ ಸಿಕ್ಕ ಬೆಕ್ಕಿನ ಮರಿಗಳನ್ನು ತಂದು, ಸ್ವಲ್ಪ ದೊಡ್ಡದು ಮಾಡಿ, ಒಳ್ಳೆಯ ಮನೆ ನೋಡಿ ಕೊಡುತ್ತೇನೆ. ಕೊಟ್ಟ ಮರಿಗಳ ಫೋಟೋ ಆಗಾಗ ಬರುತ್ತಿರುತ್ತದೆ. ಒಂದು ಸೋಫಾ ಮೇಲೆ ಮಲಗಿರುತ್ತದೆ, ಇನ್ನೊಂದು ತುಳಸಿ ಕಟ್ಟೆ ಮೇಲೆ ಕೂತಿರುತ್ತದೆ. ನೋಡಿ ಖುಷಿಪಡುತ್ತೇನೆ. ನಾನು ಕೇಳಬೇಕೆಂದಿರುವುದು ಹಾಗೆ ಫೋಟೋ ಬರದೇ ಇರುವ ಮರಿಗಳ ಬಗ್ಗೆ.

ಈ ಸಲ ದೇವರಾಜ ಮಾರುಕಟ್ಟೆಯಿಂದ ಮೂರು ಮರಿ ಬಂದವು. ಬಾಳೆಎಲೆ ಕಟ್ಟುಗಳ ಸಂದಿಯಲ್ಲಿ ಕೂಗುತ್ತಿದ್ದವಂತೆ. ತಾಯಿ ಬರುತ್ತಿಲ್ಲ ಅಂತ ಹೂ ಮಾರುವ ಅಕ್ಕ ಫೋನ್ ಮಾಡಿದರು. ಐದು ವಾರದವು ಇರಬಹುದು, ತುಂಬಾ ಬಡಕಲು. ನಮ್ಮ ಮನೆಯಲ್ಲಿ ಮರಿಗಳ ಹೆಸರು ಒಗ್ಗರಣೆ ಡಬ್ಬಿಯಿಂದ ಬರುತ್ತದೆ. ಹಾಗಾಗಿ ಇವು ಜೀರಿಗೆ, ಸಾಸಿವೆ, ಇಂಗು.

ಜೀರಿಗೆ ಬೂದು ಬಣ್ಣದ ಪಟ್ಟೆ ಮರಿ. ಬಲಗಿವಿಯ ತುದಿ ಮಾತ್ರ ಬಿಳಿ. ತಟ್ಟೆ ಇಟ್ಟರೆ ಮುಂಗಾಲು ಎರಡನ್ನೂ ತಟ್ಟೆಯೊಳಗೆ ಇಟ್ಟುಕೊಂಡೇ ತಿನ್ನಬೇಕು. ಕೋಳಿ ಬೇಯಿಸುವಾಗ ಕುಕ್ಕರ್ ಕೂಗಿದರೆ ಇಂಗು ಬೀರು ಕೆಳಗೆ ಓಡಿಹೋಗುತ್ತಿತ್ತು. ಜೀರಿಗೆ ಸೀದಾ ಅಡುಗೆಮನೆ ಬಾಗಿಲಿಗೆ ಬಂದು ಕೂರುತ್ತಿತ್ತು. ಇಂಗು ಕಪ್ಪು, ಮಹಾ ಪುಕ್ಕಲ. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಮೆಲ್ಲಗೆ ಬಂದು ನನ್ನ ಕತ್ತಿನ ಹತ್ತಿರ ಮಲಗುತ್ತಿತ್ತು. ಬೆಳಕಿದ್ದಾಗ ಒಂದು ಸಲವೂ ಬರಲಿಲ್ಲ.

ಮೊದಲು ಇಂಗು ಊಟ ಬಿಟ್ಟಿತು. ಆಮೇಲೆ ವಾಂತಿ, ಜ್ವರ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರುತ್ತಿತ್ತು, ಕುಡಿಯುತ್ತಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಪ್ಯಾನ್‌ಲ್ಯೂಕೋಪೀನಿಯಾ ಅಂದರು. ಡ್ರಿಪ್ ಹಾಕಿಸಿದೆವು. ಇಂಗು ಹೋಯಿತು, ಅದರ ಹಿಂದೆಯೇ ಜೀರಿಗೆಯೂ ಹೋಯಿತು. ಸಾಸಿವೆ ಉಳಿದುಕೊಂಡ. ಕೆಳಗಿನ ಮನೆ ಓನರ್ ಆಂಟಿ ಕಾಂಪೌಂಡಿನಲ್ಲಿ ದಾಸವಾಳದ ಪಕ್ಕ ಜಾಗ ಕೊಟ್ಟರು.

ಈಗ ವಿಷಯಕ್ಕೆ ಬರುತ್ತೇನೆ. ಮರಿಗಳು ಚೆನ್ನಾಗಿದ್ದಾಗ 'ಮನೆ ಬೇಕಾಗಿದೆ' ಅಂತ ಜೀರಿಗೆಯ ಫೋಟೋ ಹಾಕಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಅದು ಇನ್ನೂ ಗುಂಪಿಂದ ಗುಂಪಿಗೆ ಹೋಗುತ್ತಲೇ ಇದೆ. ಈಗಲೂ ಫೋನ್ ಬರುತ್ತದೆ. "ಮೇಡಂ, ಆ ಬಿಳಿ ಕಿವಿ ಮರಿ ಇದೆಯಾ? ನಮಗೆ ಕೊಡ್ತೀರಾ?" ಅದನ್ನು ಬೇಕು ಅನ್ನುವವರು ಇದ್ದಾರೆ, ಅದೇ ಇಲ್ಲ. 'ಬೇರೆಯವರು ತಗೊಂಡರು' ಅಂತ ಹೇಳಿ ಮುಗಿಸಿ ಅಂತಾರೆ ಸ್ನೇಹಿತರು. ನನಗೆ ಆ ಮಾತು ಬಾಯಿಗೆ ಬರುವುದಿಲ್ಲ. ಹಾಗಂದರೆ ಅದು ಸತ್ತದ್ದನ್ನೂ, ಇದ್ದದ್ದನ್ನೂ ಎರಡನ್ನೂ ಅಳಿಸಿದಂತೆ ಅನ್ನಿಸುತ್ತದೆ.

ಇಂಗ್ಲಿಷ್ ಗುಂಪುಗಳಲ್ಲಿ ಸಾಕುಪ್ರಾಣಿ ಸತ್ತರೆ ಕಾಮನಬಿಲ್ಲಿನ ಸೇತುವೆ ದಾಟಿತು ಅಂತ ಬರೆಯುತ್ತಾರೆ. ಅದು ನನಗೆ ಒಗ್ಗಲಿಲ್ಲ. ನನ್ನ ಹತ್ತಿರ ಇರುವುದು ತೂಕ ಬರೆಯುವ ಒಂದು ಪುಸ್ತಕ. ದಿನಾ ಬೆಳಿಗ್ಗೆ ಅಡುಗೆ ತಕ್ಕಡಿಯಲ್ಲಿ ಇಟ್ಟು ತೂಗುತ್ತೇನೆ. ಜೀರಿಗೆಯ ಸಾಲು 430 ಗ್ರಾಮಿಗೆ ನಿಂತಿದೆ. ಸಾಸಿವೆಯದು ಮುಂದೆ ಹೋಗುತ್ತಿದೆ.

ನೀವೆಲ್ಲ ಏನು ಮಾಡುತ್ತೀರಿ? ಫೋನ್ ಮಾಡಿದವರಿಗೆ ಏನು ಹೇಳುತ್ತೀರಿ?

ಗುತ್ತಲು ರೋಡ್, ಮಂಡ್ಯ:

ಅಕ್ಕ, ಓದಿ ಸಂಕಟ ಆಯಿತು. ನಮ್ಮ ಕಡೆ ಏನು ಮಾಡುತ್ತೇವೆ ಅಂತ ಹೇಳುತ್ತೇನೆ.

ನಮ್ಮ ಆಲೆಮನೆ ಹತ್ತಿರ ಒಂದು ಕೊತ್ತಿ ಇತ್ತು. ಗಂಡು, ಒಂದು ಕಣ್ಣಿಲ್ಲ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ ಒಲೆಯ ಬೆಚ್ಚಗೆಗೆ ಬಂದು ಸೇರಿಕೊಂಡದ್ದು. ಮೈಯೆಲ್ಲ ಬೂದಿ. ಗಾಯ ವಾಸಿ ಮಾಡಿಸಿ, ಆಪರೇಷನ್ ಮಾಡಿಸಿ, ಮದ್ದೂರಿನ ಒಬ್ಬ ಮೇಷ್ಟ್ರ ಮನೆಗೆ ಕೊಡುವುದು ಅಂತ ಮಾತಾಗಿತ್ತು. ಅವರು ಅದಕ್ಕೆ ಬುಟ್ಟಿ ಕೂಡ ತಂದಿಟ್ಟಿದ್ದರು. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗೆ ಸಿಕ್ಕಿಹೋಯಿತು.

ತೆಂಗಿನ ಬುಡದಲ್ಲಿ ಮಣ್ಣು ಮಾಡಿದೆವು. ಆ ವರ್ಷ ಪಿತೃಪಕ್ಷಕ್ಕೆ ಅಜ್ಜಿ ತಾತನಿಗೆ ಎಡೆ ಇಟ್ಟಾಗ ನಮ್ಮಮ್ಮ ಒಂದು ಚಿಕ್ಕ ಎಲೆ ಜಾಸ್ತಿ ಹಾಕಿದರು. ಅದರಲ್ಲಿ ಒಂದು ತುಂಡು ಮೀನು. ಯಾರಿಗಮ್ಮ ಅಂತ ಕೇಳಿದೆ. "ಆಲೆಮನೆಯವನಿಗೆ" ಅಂದರು. ಅವತ್ತಿಂದ ಪ್ರತಿ ವರ್ಷ ಇಡುತ್ತಾರೆ. ನೆಂಟರು ಒಬ್ಬರು ಪ್ರಾಣಿಗೆಲ್ಲ ಎಡೆ ಇಡಬಾರದು ಅಂದಿದ್ದಕ್ಕೆ ಅಮ್ಮ, "ನಮ್ಮ ಮನೆ ಅನ್ನ ತಿಂದವನು ತಾನೆ?" ಅಂತ ಅಷ್ಟೇ ಕೇಳಿದರು.

ಪಶುವೈದ್ಯ ವಿದ್ಯಾರ್ಥಿ:

ಮೇಡಂ, ಕೆಲವು ವಿಷಯ ಹೇಳಲೇಬೇಕು. ನಿಮಗೂ ಬೇಕಾಗುತ್ತದೆ, ಓದುವ ಬೇರೆಯವರಿಗೂ.

ಪ್ಯಾನ್‌ಲ್ಯೂಕೋಪೀನಿಯಾ ಪಾರ್ವೋ ಅನ್ನುವ ವೈರಸ್‌ನಿಂದ ಬೆಕ್ಕುಗಳಿಗೆ ಬರುವ ಕಾಯಿಲೆ. ಕರುಳನ್ನೂ, ಮೂಳೆಯೊಳಗಿನ ಮಜ್ಜೆಯನ್ನೂ ಹಿಡಿಯುತ್ತದೆ. ಬಿಳಿ ರಕ್ತಕಣ ಕುಸಿದುಬಿಡುತ್ತದೆ. ಸಣ್ಣ ಮರಿಗಳಲ್ಲಿ ಚಿಕಿತ್ಸೆ ಕೊಟ್ಟರೂ ಬಹಳಷ್ಟು ಉಳಿಯುವುದಿಲ್ಲ. ಸೋಂಕು ತಗುಲಿ ಲಕ್ಷಣ ಕಾಣಲು ಹತ್ತು ದಿನದವರೆಗೂ ಹಿಡಿಯಬಹುದು. ಹಾಗಾಗಿ ಎಷ್ಟೋ ಮರಿಗಳು ಮನೆಗೆ ಬರುವಾಗಲೇ ಅದನ್ನು ಹೊತ್ತು ತಂದಿರುತ್ತವೆ. ಲಸಿಕೆ ಶುರು ಮಾಡುವುದೇ 6ರಿಂದ 8 ವಾರಕ್ಕೆ. ನಿಮ್ಮವು ಐದು ವಾರದವು.

ಸಾಸಿವೆ ಪೂರ್ತಿ ಹುಷಾರಾದರೂ ಆರು ವಾರದವರೆಗೆ ಅವನ ಮಲದಲ್ಲಿ ವೈರಸ್ ಬರಬಹುದು. ಅಲ್ಲಿಯವರೆಗೆ ಬೇರೆ ಬೆಕ್ಕುಗಳ ಜೊತೆ ಬಿಡಬೇಡಿ, ಹೊಸ ಮರಿಯನ್ನೂ ತರಬೇಡಿ. ಈ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಬದುಕಬಲ್ಲದು. ಬಟ್ಟೆ ಹಾಸಿಗೆ, ರಟ್ಟಿನ ಡಬ್ಬ ಎಲ್ಲ ತೆಗೆದುಬಿಡಿ. ನೆಲ, ಟ್ರೇ, ತಟ್ಟೆಗಳನ್ನು ಮೊದಲು ಸೋಪಿನಲ್ಲಿ ತೊಳೆಯಿರಿ. ಆಮೇಲೆ ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಫಿನಾಯಿಲ್ ಮಾತ್ರ ಬೇಡ. ಬೆಕ್ಕುಗಳಿಗೆ ಅದು ವಿಷ.

ಫೋನ್ ಮಾಡಿದವರಿಗೆ ಇದ್ದದ್ದನ್ನೇ ಹೇಳಿ. ಜೀರಿಗೆಗೆ ಏನಾಯಿತು ಅಂತ ಕೇಳಿದವರು ತಮ್ಮ ಮನೆ ಮರಿಗೆ ಲಸಿಕೆ ಹಾಕಿಸಬಹುದು. 16 ವಾರ ಆಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ಒಂದೇ ಚುಚ್ಚುಮದ್ದಿಗೆ ನಿಲ್ಲಿಸುವವರು ಬಹಳ ಜನ.

ಕುವೆಂಪುನಗರ ನಿವಾಸಿ:

ನಾನು ನಿಮ್ಮೆಲ್ಲರಿಗಿಂತ ಬೇರೆ. ಫೋಟೋ ಎಲ್ಲ ಅಳಿಸಿಬಿಡುತ್ತೇನೆ. ನೋಡಿದರೆ ಮುಂದಿನ ಮರಿಯನ್ನು ತರಲು ಕೈ ಬರುವುದಿಲ್ಲ.

ಆದರೆ ಒಂದನ್ನು ಮರೆಯಲು ಆಗಿಲ್ಲ. ನಾಲ್ಕು ತಿಂಗಳ ಹೆಣ್ಣು ಮರಿ, ಹೊಟ್ಟೆ ದಪ್ಪ ಆಗುತ್ತಾ ಬಂತು. ಚೆನ್ನಾಗಿ ತಿನ್ನುತ್ತಿದ್ದಾಳೆ ಅಂತ ಎಲ್ಲರೂ ಅಂದರು. ಅದು ಬೆಕ್ಕುಗಳಿಗೆ ಬರುವ ಎಫ್‌ಐಪಿ ಅನ್ನುವ ಕಾಯಿಲೆ ಆಗಿತ್ತು, ಹೊಟ್ಟೆಯಲ್ಲಿ ನೀರು. ಆಗ ಇದಕ್ಕೆ ಔಷಧಿಯೇ ಇರಲಿಲ್ಲ. ಆಮೇಲೆ 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರ ಅಧ್ಯಯನ ಬಂತು. ಜಿಎಸ್-441524 ಅನ್ನುವ ಔಷಧಿ. 31 ಬೆಕ್ಕುಗಳಿಗೆ ಕೊಟ್ಟಿದ್ದರು, 26 ಬೆಕ್ಕು 12 ವಾರದ ಚಿಕಿತ್ಸೆ ಮುಗಿಸಿದವು. ಅದನ್ನು ಓದಿದ ದಿನ ನಾನು ಅತ್ತೆ. ಸಂತೋಷಕ್ಕೋ ದುಃಖಕ್ಕೋ ಹೇಳಲಾರೆ. ಯಾರ ಮನೆಯಲ್ಲಾದರೂ ಮರಿಯ ಹೊಟ್ಟೆ ಮಾತ್ರ ಊದಿ ಬೆನ್ನು ಮೂಳೆ ಕಾಣುತ್ತಿದ್ದರೆ ದಯವಿಟ್ಟು ಕಾಯಬೇಡಿ, ಬೇಗ ತೋರಿಸಿ. ಈಗ ದಾರಿ ಇದೆ.

ಆ ಮರಿಗೆ ಹೆಸರೂ ಇಟ್ಟಿರಲಿಲ್ಲ. ತಗೊಳ್ಳುವವರು ಇಡಲಿ ಅಂತ ಬಿಟ್ಟಿದ್ದೆವು. ನಿಮ್ಮ ಒಗ್ಗರಣೆ ಡಬ್ಬಿ ಪದ್ಧತಿ ಒಳ್ಳೆಯದು.

ಒಂಟಿಕೊಪ್ಪಲಿನವಳು:

ಎಲ್ಲರ ಉತ್ತರ ಓದಿದೆ. ಕೆಲವನ್ನು ಮತ್ತೆ ಮತ್ತೆ ಓದಿದೆ.

ವಿದ್ಯಾರ್ಥಿ ಅವರೇ, ಬ್ಲೀಚ್ ಅಳತೆಯನ್ನು ತೂಕದ ಪುಸ್ತಕದ ರಟ್ಟಿನ ಮೇಲೆಯೇ ಬರೆದುಕೊಂಡಿದ್ದೇನೆ. ಹಾಸಿಗೆ ಬಟ್ಟೆಗಳನ್ನು ತೆಗೆದಾಯಿತು. ಆರು ವಾರ ಬೇರೆ ಮರಿ ತರುವುದಿಲ್ಲ ಅಂತ ಹೂ ಮಾರುವ ಅಕ್ಕನಿಗೂ ಹೇಳಿ ಬಂದೆ. ಜೀರಿಗೆ ಮತ್ತು ಇಂಗು ಹೋದದ್ದನ್ನೂ ಹೇಳಬೇಕಾಯಿತು. ಅವರು ಏನೂ ಮಾತಾಡದೆ ಒಂದು ಮೊಳ ಮಲ್ಲಿಗೆ ಕಟ್ಟಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಕುವೆಂಪುನಗರದವರೇ, ಆ ಮರಿಯ ಬಣ್ಣ ಹೇಳಿ. ಈಗಲೂ ಹೆಸರಿಡಬಹುದು ಅಲ್ವಾ? ಡಬ್ಬಿಯಲ್ಲಿ ಮೆಂತ್ಯ, ಕೊತ್ತಂಬರಿ, ಲವಂಗ ಇನ್ನೂ ಯಾರಿಗೂ ಕೊಟ್ಟಿಲ್ಲ.

ನಿನ್ನೆ ಮತ್ತೆ ಜೀರಿಗೆಯನ್ನು ಕೇಳಿಕೊಂಡು ಹುಣಸೂರು ರಸ್ತೆಯ ಒಬ್ಬರು ಫೋನ್ ಮಾಡಿದ್ದರು. ಇದ್ದದ್ದನ್ನೇ ಹೇಳಿದೆ. ಫೋನ್ ಇಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಅವರು "ಹೇಗಿತ್ತು ಮೇಡಂ ಅದು?" ಅಂತ ಕೇಳಿದರು. ತಟ್ಟೆಯೊಳಗೆ ಕಾಲಿಡುತ್ತಿದ್ದದ್ದು, ಕುಕ್ಕರ್ ಕೂಗಿದಾಗ ಓಡಿಬರುತ್ತಿದ್ದದ್ದು ಎಲ್ಲ ಹೇಳಿದೆ. ಅವರ ಮಗಳೂ ಕೇಳಿಸಿಕೊಳ್ಳುತ್ತಿದ್ದಳು. ಇಂಗು ಬಗ್ಗೆಯೂ ಹೇಳಿದೆ. ಸಾಸಿವೆ ಬೇಕಾ ಅಂತ ಅವರು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಅವನ ಆರು ವಾರ ಮುಗಿಯಲಿ, ಲಸಿಕೆ ಆಗಲಿ, ಆಮೇಲೆ ನೋಡೋಣ. ಅವನ ಫೋಟೋ ಹಾಕುವಾಗ ಮಾತ್ರ ಕೆಳಗೆ 'ಜೀರಿಗೆ, ಇಂಗು ಇವರ ತಮ್ಮ' ಅಂತ ಬರೆಯುತ್ತೇನೆ.

ಗುತ್ತಲು ರೋಡಿನ ಅಣ್ಣ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಮ್ಮ ಮನೆಯಲ್ಲೂ ಈ ಪಿತೃಪಕ್ಷಕ್ಕೆ ಎರಡು ಚಿಕ್ಕ ಎಲೆ ಹಾಕುತ್ತೇನೆ. ಅವೆರಡೂ ತಿನ್ನುತ್ತಿದ್ದದ್ದು ಉಪ್ಪಿಲ್ಲದ ಬೇಯಿಸಿದ ಕೋಳಿ. ಎಡೆಗೆ ಉಪ್ಪಿಲ್ಲದ್ದು ಇಡಬಹುದಾ? ಅಮ್ಮನನ್ನು ಕೇಳಿ ಹೇಳಿ.