9ಮ + 7ಬ = 107, 7ಮ + 9ಬ = 101: ಯಾವ ದಾರಿಯಲ್ಲಿ ಬಿಡಿಸಿದರೆ ತಪ್ಪು ಕಡಿಮೆ?

ಪ್ರಶ್ನೆ: ಹತ್ತನೇ ಕ್ಲಾಸಿನ ಗಣಿತ

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳ ಪಾಠ ನಡೀತಿದೆ. ಅಭ್ಯಾಸಕ್ಕೆ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ಲೆಕ್ಕ ಕೊಟ್ಟಿದ್ದೇನೆ: 9 ಮಾದಲದ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107, 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ಮಾದಲಕ್ಕೆ ಮ, ಬೇಲಕ್ಕೆ ಬ ಎಂದಿಟ್ಟು ಸಮೀಕರಣ ಬರೆಯುವವರೆಗೆ ಎಲ್ಲರೂ ಸರಿ. ಆಮೇಲೆ ವರ್ಜಿಸುವ ವಿಧಾನದಲ್ಲಿ ಕೆಲವರಿಗೆ ಬ = −5 ಬರುತ್ತೆ, ಆದೇಶ ವಿಧಾನದಲ್ಲಿ ಕೆಲವರಿಗೆ 16.2. ನಕ್ಷೆಯಲ್ಲಂತೂ ಗೆರೆಗಳು ಸೇರುವ ಬಿಂದುವನ್ನು ಓದಲಿಕ್ಕೇ ಆಗಲ್ಲ. ತಪ್ಪು ಎಲ್ಲಿ ಆಗುತ್ತಿದೆ?

ಲೆಕ್ಕದಮನೆ

−5 ಬರುವುದು ಕಳೆಯುವಾಗ. ಮಕ್ಕಳು ಮೊದಲ ಅಕ್ಷರವನ್ನೇ ವರ್ಜಿಸಲು ಹೋಗುತ್ತಾರೆ. ಮೊದಲ ಸಮೀಕರಣವನ್ನು 7ರಿಂದ, ಎರಡನೆಯದನ್ನು 9ರಿಂದ ಗುಣಿಸಿದರೆ

63ಮ + 49ಬ = 749
63ಮ + 81ಬ = 909

ಮೇಲಿನಿಂದ ಕೆಳಗಿನದನ್ನು ಕಳೆದಾಗ ಎಡಕ್ಕೆ −32ಬ ಎಂದು ಸರಿಯಾಗಿ ಬರೆಯುತ್ತಾರೆ. ಬಲಕ್ಕೆ ಬಂದ ಕೂಡಲೇ ಅಭ್ಯಾಸಬಲದಿಂದ ದೊಡ್ಡದರಲ್ಲಿ ಚಿಕ್ಕದನ್ನು ಕಳೆದು 160 ಹಾಕುತ್ತಾರೆ. ಅಲ್ಲಿ −160 ಬರಬೇಕು, ಆಗ ಬ = 5.

ಇದಕ್ಕೆ ನನ್ನ ಸಲಹೆ, ಯಾವ ಅಕ್ಷರವನ್ನು ವರ್ಜಿಸಬೇಕು ಅನ್ನೋದನ್ನು ಗುಣಿಸುವ ಮೊದಲೇ ಯೋಚಿಸಲಿ. ಇಲ್ಲಿ ಬ ತೆಗೆಯುವುದು ಲೇಸು. ಮೊದಲನೆಯದನ್ನು 9ರಿಂದ, ಎರಡನೆಯದನ್ನು 7ರಿಂದ ಗುಣಿಸಿ:

81ಮ + 63ಬ = 963
49ಮ + 63ಬ = 707

ಕಳೆದರೆ 32ಮ = 256, ಮ = 8. ಎಲ್ಲೂ ಋಣ ಚಿಹ್ನೆ ಇಲ್ಲ. ಮಹಾವೀರರು ಈ ಲೆಕ್ಕಕ್ಕೆ ಹೇಳಿದ ಸೂತ್ರವೂ ಇದೇ: (9×107 − 7×101) ÷ (9² − 7²). ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ನಮ್ಮ ನಾಡಿನಲ್ಲಿ ಬರೆದದ್ದು. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಕೋನಮಾಪಕ

16.2ರ ಮೂಲ ಬೇರೆ. ಮ = (107 − 7ಬ)/9 ಎಂದು ಎರಡನೆಯದರಲ್ಲಿ ಆದೇಶಿಸಿದ ಮೇಲೆ ಛೇದ ತೆಗೆಯಲು 9ರಿಂದ ಗುಣಿಸಬೇಕು. ಭಿನ್ನರಾಶಿಯ ಪದವನ್ನು ಮಾತ್ರ ಗುಣಿಸಿ ಉಳಿದವನ್ನು ಹಾಗೇ ಬಿಟ್ಟರೆ 749 − 49ಬ + 9ಬ = 101 ಆಗುತ್ತೆ, ಅಂದರೆ 40ಬ = 648, ಬ = 16.2. ಸರಿಯಾದದ್ದು 749 − 49ಬ + 81ಬ = 909.

ತಾಳೆ ನೋಡುವ ವಿಷಯ ಇದಕ್ಕಿಂತ ಮುಖ್ಯ. ಬ ತಪ್ಪಿದ್ದರೂ, ಮ ಅನ್ನು ಮೊದಲ ಸಮೀಕರಣದಿಂದಲೇ ಕಂಡುಹಿಡಿದರೆ ಮೊದಲ ಸಮೀಕರಣ ತಾಳೆಯಾಗಿಯೇ ತೀರುತ್ತೆ. ಹಾಗಾಗಿ ಯಾವಾಗಲೂ ಇನ್ನೊಂದು ಸಮೀಕರಣದಲ್ಲಿ ಹಾಕಿ ನೋಡಬೇಕು: 7×8 + 9×5 = 56 + 45 = 101.

ನಕ್ಷೆಯಲ್ಲಿ ಮ = 0 ಹಾಕಿ ಶುರು ಮಾಡಿದರೆ ಬ = 107/7, ಅಂದರೆ 15 ದಾಟಿದ ಭಿನ್ನರಾಶಿ. ಬಿಂದು ಅಂದಾಜಿನಲ್ಲಿ ಕೂರುತ್ತೆ, ಗೆರೆ ಓರೆಯಾಗುತ್ತೆ. ಪೂರ್ಣಾಂಕದ ಬಿಂದು ಹುಡುಕಿಸಿ. ಮೊದಲ ಗೆರೆಗೆ (1, 14), (8, 5). ಎರಡನೆಯದಕ್ಕೆ (−1, 12), (17, −2). ಎರಡು ಬಿಂದುಗಳು ದೂರದೂರ ಇದ್ದಷ್ಟೂ ಗೆರೆ ನಿಖರ.

ಓರೆಗುಣಾಕಾರ

ಸಹಗುಣಕಗಳು ಅದಲುಬದಲಾಗಿರುವಾಗ ಇಷ್ಟು ಗುಣಾಕಾರವೇ ಬೇಡ. ಕೂಡಿದರೆ 16ಮ + 16ಬ = 208, ಅಂದರೆ ಮ + ಬ = 13. ಕಳೆದರೆ 2ಮ − 2ಬ = 6, ಅಂದರೆ ಮ − ಬ = 3. ಮ = 8, ಬ = 5, ಮುಗೀತು.

ಲೆಕ್ಕದಮನೆ

ಒಪ್ಪುತ್ತೇನೆ, ಆದರೆ ಇದನ್ನು ಮೊದಲೇ ಹೇಳಿಕೊಡಬೇಡಿ. 9, 7 ಇದ್ದ ಕಡೆ 9, 5 ಬಂದರೂ ಮಕ್ಕಳು ಕೂಡಲು ಹೊರಡುತ್ತಾರೆ. ವರ್ಜಿಸುವ ವಿಧಾನ ಕೈಗೆ ಹತ್ತಿದ ಮೇಲೆ ಹೇಳಿ.

ಪ್ರಶ್ನೆ ಕೇಳಿದವರು

ಧನ್ಯವಾದ. ಇನ್ನೊಂದು ಸಂದೇಹ: ಮೊದಲ ಸಮೀಕರಣ ಒಂದನ್ನೇ ಕೊಟ್ಟರೆ ಬಿಡಿಸಲು ಆಗಲ್ಲ ಅಂದೆ. ‘ಬೆಲೆ ಪೂರ್ಣಾಂಕವೇ ಅಂತ ಗೊತ್ತಿದ್ದರೆ?’ ಅಂತ ಒಬ್ಬಳು ಕೇಳಿದಳು.

ಕೋನಮಾಪಕ

ಬಹಳ ಒಳ್ಳೆಯ ಪ್ರಶ್ನೆ. ಆರ್ಯಭಟ ಕ್ರಿ.ಶ. 499ರಲ್ಲಿ ಕೈಗೆತ್ತಿಕೊಂಡ ಕುಟ್ಟಕದ (ಇಂಥ ಸಮೀಕರಣಕ್ಕೆ ಪೂರ್ಣಾಂಕದ ಉತ್ತರ ಹುಡುಕುವ ವಿಧಾನ) ಪ್ರಶ್ನೆಯೂ ಇದೇ ಜಾತಿಯದು.

7ಬ = 107 − 9ಮ, ಆದ್ದರಿಂದ ಬಲಭಾಗ 7ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 107ನ್ನು 7ರಿಂದ ಭಾಗಿಸಿದರೆ ಶೇಷ 2. 9 = 7 + 2, ಹಾಗಾಗಿ 9ಮ ಬದಲು 2ಮ ನೋಡಿದರೆ ಸಾಕು; ಅದಕ್ಕೂ ಶೇಷ 2 ಬರಬೇಕು. ಆಗ ಮ = 1, 8, 15... ಮ 7 ಹೆಚ್ಚಿದಾಗ ಬ 9 ಇಳಿಯುತ್ತೆ: (1, 14), (8, 5), ಮುಂದಿನದು (15, −4). ಬೆಲೆ ಋಣವಾಗುವಂತಿಲ್ಲ, ಹಾಗಾಗಿ ಉಳಿಯುವುದು ಎರಡೇ. ಎರಡನೆಯ ಸಮೀಕರಣದಲ್ಲಿ (1, 14) ಹಾಕಿದರೆ 133 ಬರುತ್ತೆ; 101 ಕೊಡುವುದು (8, 5) ಮಾತ್ರ.

ಅವಳಿಗೆ ಇದನ್ನೂ ಕೊಡಿ: ಎರಡನೆಯ ಸಮೀಕರಣ 18ಮ + 14ಬ = 214 ಆಗಿದ್ದರೆ? ಅದು ಮೊದಲನೆಯದರ ಇಮ್ಮಡಿ, ವರ್ಜಿಸಿದರೆ 0 = 0; ಹೊಸ ಮಾಹಿತಿ ಏನೂ ಇಲ್ಲ, ಆ ಎರಡು ಉತ್ತರಗಳು ಹಾಗೇ ಉಳಿಯುತ್ತವೆ. 214ರ ಬದಲು 220 ಇದ್ದರೆ 0 = 6 ಬರುತ್ತೆ: ಗೆರೆಗಳು ಸಮಾಂತರ, ಪರಿಹಾರವೇ ಇಲ್ಲ.